ಅಜ್ಜ ಹೇಳಿದ್ದು ನಿಜ

ಪುತ್ತೂರಿನ ಓದುಗರೇ,

ನಿಮ್ಮ ಪತ್ರ ಓದಿ ಖುಷಿಯಾಯಿತು. 1950ರ ಸುಮಾರಿಗೆ ಜಮೀನಿನ ವ್ಯಾಜ್ಯಕ್ಕೆಂದು ಮದ್ರಾಸಿಗೆ ಹೋಗಿ ಬಂದ ನಿಮ್ಮ ಅಜ್ಜ, 'ಹೈಕೋರ್ಟಿನ ತಲೆ ಮೇಲೇ ಹಡಗಿಗೆ ದೀಪ ಇಟ್ಟಿದ್ದಾರೆ' ಅನ್ನುತ್ತಿದ್ದರು, ಮನೆಯಲ್ಲಿ ಯಾರೂ ನಂಬಲಿಲ್ಲ. ಮೊನ್ನೆ ನೀವು ಚೆನ್ನೈಗೆ ಹೋದಾಗ ಕೋರ್ಟಿನ ಕಾಂಪೌಂಡಿನಲ್ಲಿ ಕಲ್ಲಿನ ಕಂಬದಂಥ ಹಳೆ ಲೈಟ್‌ಹೌಸ್ ಕಂಡಿರಿ. ಅಜ್ಜ ಹೇಳಿದ್ದು ಇದನ್ನೇ ಇರಬೇಕು ಅಂತ ಬರೆದಿದ್ದೀರಿ.

ಅಲ್ಲ. ಅಜ್ಜ ಹೇಳಿದ್ದೇ ಸರಿ. ಅವರು ಹೋಗುವ ಹೊತ್ತಿಗೆ ಆ ಕಂಬದ ದೀಪ ಆರಿ ಐವತ್ತು ವರ್ಷ ದಾಟಿತ್ತು.

ಮದ್ರಾಸಿಗೆ ಮೊದಲು ಬಂದರೇ ಇರಲಿಲ್ಲ. ಹಡಗುಗಳು ದೂರದಲ್ಲೇ ಲಂಗರು ಹಾಕಬೇಕು, ಜನ, ಸಾಮಾನು ಎಲ್ಲ ಮಸೂಲಾ ದೋಣಿಯಲ್ಲಿ ದಡ ಸೇರಬೇಕು. ಆ ದೋಣಿಯ ಹಲಗೆಗಳಿಗೆ ಮೊಳೆ ಹೊಡೆಯುತ್ತಿರಲಿಲ್ಲ, ತೆಂಗಿನ ನಾರಿನ ಹಗ್ಗದಲ್ಲಿ ಹೊಲಿಯುತ್ತಿದ್ದರು, ಅಲೆ ಬಡಿದರೆ ಒಡೆಯದೆ ಬಾಗಲಿ ಅಂತ. ಇಂಥ ದಡಕ್ಕೆ ರಾತ್ರಿ ಬರುವವರಿಗೆ ಒಂದು ಗುರುತು ಬೇಕಲ್ವಾ? 1796ರಲ್ಲಿ ಸೇಂಟ್ ಜಾರ್ಜ್ ಕೋಟೆಯ ಕಟ್ಟಡವೊಂದರ ಮೇಲೆ ತೆಂಗಿನೆಣ್ಣೆಯ ದೀಪ ಹಚ್ಚಿದರು. 1844ರಲ್ಲಿ ದೀಪ ನೀವು ನೋಡಿದ ಕಂಬಕ್ಕೆ ಬಂತು. ಗ್ರೀಕ್ ದೇವಾಲಯದ ಕಂಬದ ಹಾಗೆ ಕಟ್ಟಿದ್ದಾರೆ, ಎಷ್ಟೋ ಜನ ಅದನ್ನು ಯಾರದೋ ಸ್ಮಾರಕ ಅಂದುಕೊಂಡು ಮುಂದೆ ಹೋಗುತ್ತಾರೆ. ನನಗೆ ಅದು ಬೇಜಾರು.

1892ರಲ್ಲಿ ಪಕ್ಕದಲ್ಲೇ ಹೈಕೋರ್ಟ್ ಎದ್ದಿತು, ಅದರ ಗೋಪುರ ಕಂಬಕ್ಕಿಂತ ಎತ್ತರ. ಎತ್ತರದ ಜಾಗ ಅಲ್ಲೇ ಸಿಕ್ಕಿತು. 1894ರಲ್ಲಿ ದೀಪವನ್ನು ಆ ಗೋಪುರದ ಗುಮ್ಮಟಕ್ಕೇ ಏರಿಸಿದರು. ಕೆಳಗೆ ವಾದ, ತೀರ್ಪು, ಮೇಲೆ ಹಡಗಿನವರಿಗೆ ದಾರಿ! 1914ರ ಸೆಪ್ಟೆಂಬರ್ 22ರ ರಾತ್ರಿ ಜರ್ಮನ್ ಯುದ್ಧನೌಕೆ ಎಮ್ಡನ್ ಬಂದು ಬಂದರಿನ ಎಣ್ಣೆ ಟ್ಯಾಂಕುಗಳಿಗೆ ಬೆಂಕಿ ಹಚ್ಚಿತು, ಕೋರ್ಟಿನ ಆವರಣಕ್ಕೂ ಗುಂಡು ಬಿತ್ತು. ಅದರ ನೆನಪಿನ ಫಲಕ ಅಲ್ಲಿದೆ. ತಮಿಳಿನಲ್ಲಿ ಮಹಾ ಚಾಲಾಕಿ ಆಸಾಮಿಯನ್ನು ಇವತ್ತಿಗೂ 'ಎಮ್ಡನ್' ಅನ್ನುತ್ತಾರೆ.

ಗುಮ್ಮಟದ ದೀಪ ಉರಿದದ್ದು 1977ರವರೆಗೆ. ಆ ವರ್ಷ ಜನವರಿಯಲ್ಲಿ ಮರೀನಾದ ಕೆಂಪು-ಬಿಳಿ ಪಟ್ಟೆಯ ಲೈಟ್‌ಹೌಸ್ ಶುರುವಾಯಿತು, ಅದಕ್ಕೆ ಲಿಫ್ಟೂ ಇದೆ.

ಇನ್ನು ಪುತ್ತೂರಿನವರು ಅಷ್ಟು ದೂರ ಯಾಕೆ ಹೋಗಬೇಕಿತ್ತು ಅಂತ ನಿಮ್ಮ ಮಗಳು ಕೇಳಿದ್ದಾಳಲ್ಲ. 1956ರವರೆಗೆ ದಕ್ಷಿಣ ಕನ್ನಡ ಇದ್ದದ್ದು ಮದ್ರಾಸಿನ ಆಡಳಿತದಲ್ಲಿ, ಅಪೀಲಿಗೆ ಆ ಹೈಕೋರ್ಟೇ ಗತಿ. ನಮ್ಮ ಕಡೆಯ ಎಷ್ಟು ಅಜ್ಜಂದಿರು ಕಾಗದಪತ್ರದ ಚೀಲ ಹಿಡಿದು ಆ ದೀಪದ ಕೆಳಗೆ ಕಾದಿದ್ದಾರೋ!

ಅಂದಹಾಗೆ, ಅಜ್ಜನ ಆ ಕೇಸು ಕೊನೆಗೆ ಏನಾಯಿತು? ಅದನ್ನೇ ಬರೆದಿಲ್ಲ ನೀವು. ಖಂಡಿತ ಬರೆಯಿರಿ.

— ಸಂಪಾದಕ