ಇದು ನನ್ನಿಂದಲೇ ಆದದ್ದೇ?

ಉಡುಪಿಯಲ್ಲಿ ಗರ್ಭಿಣಿಯರಿಗೂ ಬಾಣಂತಿಯರಿಗೂ ಆಪ್ತಸಲಹೆ ನೀಡುವ ನನ್ನ ಬಳಿಗೆ ಬಂದ ಒಬ್ಬ ತಾಯಿಯ ಪ್ರಕರಣವನ್ನು ಅವರ ಒಪ್ಪಿಗೆ ಪಡೆದು ಇಲ್ಲಿ ದಾಖಲಿಸುತ್ತಿದ್ದೇನೆ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದು, ಅವರನ್ನು ಶ್ರೀಮತಿ ಕ ಎಂದು ಕರೆಯುತ್ತೇನೆ.

ಮೂವತ್ತೊಂದು ವರ್ಷದ ಶ್ರೀಮತಿ ಕ ಎರಡನೆಯ ಬಾರಿ ಗರ್ಭಿಣಿಯಾಗಿ 17 ವಾರಗಳಾಗಿದ್ದವು. ಗರ್ಭ ಧರಿಸುವಾಗ 69 ಕಿಲೋ ಇದ್ದ ತೂಕ 67.5ಕ್ಕೆ ಇಳಿದಿತ್ತು; ಮೂತ್ರಪರೀಕ್ಷೆಯಲ್ಲಿ ಕೀಟೋನ್ (ಆಹಾರ ಸಾಲದೆ ದೇಹ ತನ್ನ ಕೊಬ್ಬನ್ನೇ ಕರಗಿಸಿಕೊಂಡಾಗ ಹುಟ್ಟುವ ವಸ್ತು) ಕಾಣಿಸಿಕೊಂಡದ್ದರಿಂದ, ವಾಂತಿಯಿಲ್ಲದಿದ್ದರೂ ಈಕೆ ಉಣ್ಣುತ್ತಿಲ್ಲ ಎಂಬ ಅನುಮಾನದಿಂದ ಪ್ರಸೂತಿ ತಜ್ಞರು ನನ್ನಲ್ಲಿಗೆ ಕಳುಹಿಸಿದ್ದರು. ಅನುಮಾನ ನಿಜವಾಗಿತ್ತು. ಆರು ವರ್ಷದ ಅವರ ಹಿರಿಯ ಮಗನ ತೂಕ ವಯಸ್ಸಿಗೆ ಮೀರಿ 31 ಕಿಲೋ ಇದೆ ಎಂದು ಶಾಲೆಯ ಆರೋಗ್ಯ ತಪಾಸಣೆಯಲ್ಲಿ ಗೊತ್ತಾಗಿತ್ತು. ಅದೇ ವಾರ ತಾಯಿ ಕಾರ್ಡ್‌ನಲ್ಲಿ ಅವರದೇ ಸಕ್ಕರೆ ಪರೀಕ್ಷೆಯ ಫಲಿತಾಂಶ ಬರೆಯಲ್ಪಟ್ಟಿತ್ತು: 75 ಗ್ರಾಂ ಗ್ಲೂಕೋಸ್ ಕುಡಿದ ಎರಡು ಗಂಟೆಗಳ ಬಳಿಕ 152. ಈ ಪರೀಕ್ಷೆಯಲ್ಲಿ 140 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಗರ್ಭಾವಸ್ಥೆಯ ಮಧುಮೇಹವೆಂದು ಪರಿಗಣಿಸುತ್ತಾರೆ. ಆ ರಾತ್ರಿ ನಿದ್ದೆಗೆಟ್ಟು ಮೊಬೈಲಿನಲ್ಲಿ ಸಿಕ್ಕಿದ್ದನ್ನೆಲ್ಲ ಓದಿ, ಬಸಿರಿನಲ್ಲಿ ತಾಯಿಗಿರುವ ಸಕ್ಕರೆ ಮಗುವಿನ ಬೊಜ್ಜಿಗೆ ಕಾರಣವಾಗಬಹುದೆಂದು ತಿಳಿದುಕೊಂಡ ಅವರು ಮರುದಿನದಿಂದ ರಾತ್ರಿಯೂಟವನ್ನು ಬಿಟ್ಟಿದ್ದರು.

"ಮಗ ಹೀಗಾದದ್ದು ನನ್ನಿಂದಲೇ ಹೌದೋ ಅಲ್ಲವೋ, ಅಷ್ಟು ಹೇಳಿ" ಎಂದು ಕೇಳಿದರು. ನಿಮ್ಮ ತಪ್ಪೇನೂ ಇಲ್ಲ ಎಂದು ಬೆನ್ನು ತಟ್ಟಿ ಕಳುಹಿಸುವುದು ನನಗೆ ಸುಲಭವಿತ್ತು. ಆದರೆ ಓದಿ ತಿಳಿದುಕೊಂಡು ಬಂದ ಹೆಣ್ಣಿಗೆ ಅರ್ಧಸತ್ಯ ಹೇಳಿದರೆ ಆಕೆ ಮತ್ತೆಂದೂ ನಮ್ಮನ್ನು ನಂಬುವುದಿಲ್ಲ, ನಂಬಬಾರದು ಕೂಡ. ಆದ್ದರಿಂದ ಗರ್ಭದೊಳಗೆ ನಡೆಯುವುದೇನು ಎಂಬುದನ್ನು ಮೊದಲು ವಿವರಿಸಿದೆ.

ತಾಯಿಯ ರಕ್ತದ ಸಕ್ಕರೆ ಮಾಸಿನ (ಪ್ಲಾಸೆಂಟಾ) ಮೂಲಕ ಮಗುವಿಗೆ ತಲುಪುತ್ತದೆ, ತಾಯಿಯ ಇನ್ಸುಲಿನ್ ಮಾತ್ರ ತಲುಪುವುದಿಲ್ಲ. ಬಂದ ಹೆಚ್ಚುವರಿ ಸಕ್ಕರೆಯನ್ನು ನಿಭಾಯಿಸಲು ಮಗುವಿನ ಮೇದೋಜೀರಕ ಗ್ರಂಥಿಯೇ ಹೆಚ್ಚು ಇನ್ಸುಲಿನ್ ಸ್ರವಿಸುತ್ತದೆ, ಆ ಇನ್ಸುಲಿನ್ ಸಕ್ಕರೆಯನ್ನು ಕೊಬ್ಬಾಗಿಸಿ ಕೂಡಿಡುತ್ತದೆ. ಡೆನ್ಮಾರ್ಕಿನ ವೈದ್ಯ ಯೋರ್ಗೆನ್ ಪೆಡರ್ಸನ್ 1950ರ ದಶಕದಲ್ಲಿ ಮುಂದಿಟ್ಟ ಈ ವಿವರಣೆ ಇಂದಿಗೂ ನಿಂತಿದೆ. ದೂರದ ಮಾತೇಕೆ, ನಮ್ಮ ಮೈಸೂರಿನ ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆಯಲ್ಲಿ 1997–98ರಲ್ಲಿ ಗರ್ಭಿಣಿಯರನ್ನು ಪರೀಕ್ಷಿಸಿ, ಅವರ ಮಕ್ಕಳನ್ನು ವರ್ಷಗಳ ಕಾಲ ಅಳೆದು ತೂಗಿ ನೋಡಿದ್ದಾರೆ; ಮಧುಮೇಹವಿದ್ದ ತಾಯಂದಿರ ಮಕ್ಕಳಲ್ಲಿ, ಅದರಲ್ಲೂ ಹೆಣ್ಣುಮಕ್ಕಳಲ್ಲಿ, ಐದನೆಯ ವಯಸ್ಸಿಗಾಗಲೇ ಚರ್ಮದಡಿಯ ಕೊಬ್ಬು ಹೆಚ್ಚಿತ್ತು. ಇದು ಬರೀ ವಂಶದಿಂದ ಬಂದದ್ದಾಗಿರಬಹುದಲ್ಲ ಎಂಬ ಸಂದೇಹಕ್ಕೆ ಅಮೆರಿಕದ ಪೀಮಾ ಬುಡಕಟ್ಟಿನಲ್ಲಿ ನಡೆದ ಅಧ್ಯಯನದಲ್ಲಿ ಉತ್ತರವಿದೆ: ಒಬ್ಬಳೇ ತಾಯಿಯ ಮಕ್ಕಳಲ್ಲಿ, ಆಕೆಗೆ ಮಧುಮೇಹ ಬರುವುದಕ್ಕೆ ಮೊದಲು ಹುಟ್ಟಿದವರಿಗಿಂತ ಬಂದ ಮೇಲೆ ಹುಟ್ಟಿದವರ ಬಿ.ಎಂ.ಐ. (ಎತ್ತರಕ್ಕೆ ಹೋಲಿಸಿ ತೂಕವನ್ನು ಅಳೆಯುವ ಸೂಚ್ಯಂಕ) ಹೆಚ್ಚಿತ್ತು.

ಇಷ್ಟು ಹೇಳಿ ನಾನು ನಿಲ್ಲಿಸಲಿಲ್ಲ, ಏಕೆಂದರೆ ಶ್ರೀಮತಿ ಕ ಓದಿದ್ದು ಇಲ್ಲಿಗೇ ನಿಂತಿತ್ತು. ಸಾವಿರಾರು ಮಕ್ಕಳನ್ನು ಒಟ್ಟಿಗೆ ನೋಡಿದಾಗ ಕಾಣುವ ಅಪಾಯದ ಹೆಚ್ಚಳವನ್ನು ಒಂದು ಮಗುವಿನ ಮೇಲೆ ತೀರ್ಪಾಗಿ ಬರೆಯಲು ಬರುವುದಿಲ್ಲ. ಅವರ ಮಗ ಸಂಜೆ ಬೇಕರಿಯ ತಿಂಡಿ ತಿಂದು, ಮೊಬೈಲ್ ಹಿಡಿದು, ರಾತ್ರಿ ಹನ್ನೊಂದಕ್ಕೆ ಮಲಗುವ ಹುಡುಗ. ಅದರಲ್ಲಿ ಗರ್ಭದ ಪಾಲೆಷ್ಟು, ಮನೆಯ ಪಾಲೆಷ್ಟು ಎಂದು ಯಾವ ತಜ್ಞರೂ ಬೇರ್ಪಡಿಸಿ ಕೊಡಲಾರರು. ಇನ್ನೊಂದು ಸಂಗತಿ ನನ್ನನ್ನು ನಿಜವಾಗಿ ನೋಯಿಸಿತು. ಮೊದಲ ಬಸಿರಿನಲ್ಲಿ ಅವರ ಸಕ್ಕರೆಯನ್ನು ಪರೀಕ್ಷಿಸಿದ್ದು ಎಂಟನೆಯ ತಿಂಗಳಲ್ಲಿ. ಮೊದಲ ಭೇಟಿಯಲ್ಲೇ ಪರೀಕ್ಷಿಸಿ, ಸರಿಯಿದ್ದರೆ 24ರಿಂದ 28ನೆಯ ವಾರದೊಳಗೆ ಮತ್ತೊಮ್ಮೆ ಪರೀಕ್ಷಿಸಬೇಕೆಂದು ನಮ್ಮ ರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಸಕಾಲದಲ್ಲಿ ಯಾರೂ ಬರೆದುಕೊಡದ ಪರೀಕ್ಷೆಯ ಹೊರೆಯನ್ನು ಈಕೆ ಆರು ವರ್ಷ ಕಳೆದ ಮೇಲೆ ತನ್ನ ತಪ್ಪೆಂದು ಹೊತ್ತುಕೊಂಡಿದ್ದರು. ಅದನ್ನು ಇಳಿಸಿಡಿ ಎಂದು ಸ್ಪಷ್ಟವಾಗಿಯೇ ಹೇಳಿದೆ.

ಉಪವಾಸದ ವಿಚಾರದಲ್ಲಿ ಮಾತ್ರ ನಾನು ಕಠಿಣವಾಗಬೇಕಾಯಿತು. 1944–45ರ ಚಳಿಗಾಲದಲ್ಲಿ ಯುದ್ಧದಿಂದಾಗಿ ನೆದರ್ಲ್ಯಾಂಡ್ಸ್‌ನಲ್ಲಿ ಬರ ಬಿದ್ದಾಗ, ಬಸಿರಿನ ಮೊದಲರ್ಧದಲ್ಲಿ ಹಸಿವನ್ನು ಅನುಭವಿಸಿದ ತಾಯಂದಿರ ಗಂಡುಮಕ್ಕಳಲ್ಲಿ ಹತ್ತೊಂಬತ್ತನೆಯ ವಯಸ್ಸಿಗೆ ಬೊಜ್ಜು ಹೆಚ್ಚಾಗಿ ಕಂಡುಬಂದಿತ್ತು. ಪುಣೆಯ ಮಧುಮೇಹ ಸಂಶೋಧಕ ಡಾ. ಯಾಜ್ಞಿಕ್ ಅವರ ತಂಡ ತೋರಿಸಿಕೊಟ್ಟಂತೆ, ಹುಟ್ಟುವಾಗ ಸರಾಸರಿ 2.7 ಕಿಲೋ ಮಾತ್ರ ತೂಗುವ ಅಲ್ಲಿನ ಹಳ್ಳಿಗಳ ಶಿಶುಗಳಲ್ಲಿಯೂ ಸ್ನಾಯು ಕಡಿಮೆ, ಕೊಬ್ಬು ಹೆಚ್ಚು. ಮಗು ದಪ್ಪಗಾಗದಿರಲೆಂದು ಹಸಿದಿರುವ ತಾಯಿ, ತಾನು ಹೆದರಿದ ಅಪಾಯದ ಕಡೆಗೇ ಇನ್ನೊಂದು ದಾರಿಯಿಂದ ನಡೆಯುತ್ತಿರಬಹುದು. ಇದನ್ನು ಕೇಳಿ ಅವರು ಬಹಳ ಹೊತ್ತು ಮಾತಾಡಲಿಲ್ಲ.

ಮುಂದಿನ ಭೇಟಿಗೆ ಗಂಡನನ್ನೂ ಅತ್ತೆಯನ್ನೂ ಕರೆಸಿದೆ. ಅಡುಗೆ ಮಾಡುವವರನ್ನು ಹೊರಗಿಟ್ಟು ಗರ್ಭಿಣಿಗೆ ಆಹಾರದ ಸಲಹೆ ಕೊಡುವುದರಿಂದ ಪ್ರಯೋಜನವಿಲ್ಲವೆಂಬುದು ನನ್ನ ಅನುಭವ. "ಹೊಟ್ಟೆಯೊಳಗೆ ಒಂದು ಜೀವ ಉಂಟಲ್ಲ, ಎರಡು ಸೌಟು ಹೆಚ್ಚು ಬಡಿಸದಿದ್ದರೆ ಹೇಗೆ?" ಎಂದು ಅತ್ತೆ ಕೇಳಿದರು. ಆ ಪ್ರೀತಿಯನ್ನು ಅಲ್ಲಗಳೆಯದೆ, ಸೌಟಿನಲ್ಲಿ ಏನಿದೆ ಎಂಬುದರ ಬಗ್ಗೆ ಮಾತಾಡಿದೆವು. ಉಪ್ಪಿನಕಾಯಿಯೊಂದಿಗೆ ಬಟ್ಟಲು ತುಂಬ ಕುಚ್ಚಲಕ್ಕಿ ಗಂಜಿ ಉಣ್ಣುವ ಬದಲು ಅರ್ಧ ಬಟ್ಟಲು ಗಂಜಿ, ಜೊತೆಗೆ ಹೆಸರುಕಾಳಿನ ಗಸಿಯೋ ಬಂಗುಡೆಯೋ ಬೂತಾಯಿಯೋ, ಒಂದು ಪಾಲು ಬಸಳೆ ಅಥವಾ ಅಲಸಂಡೆ. ನೀರ್ ದೋಸೆಯೂ ಅಕ್ಕಿಯೇ ಎಂಬುದನ್ನು ನೆನಪಿಸಿ, ಎರಡಕ್ಕೆ ನಿಲ್ಲಿಸಿ ಮೊಟ್ಟೆ ಸೇರಿಸಲು ಹೇಳಿದೆ. ಸಂಜೆಯ ಬನ್ಸ್, ಗೋಳಿಬಜೆಯ ಜಾಗಕ್ಕೆ ಬೇಯಿಸಿದ ಕಡಲೆ. ಮೂರು ಊಟ, ನಡುವೆ ಸಣ್ಣ ಆಹಾರ, ರಾತ್ರಿಯೂಟ ತಪ್ಪಿಸಲೇಬಾರದು. ಊಟವಾದ ಮೇಲೆ ಹದಿನೈದು ನಿಮಿಷ ನಡಿಗೆ. ಆಟಿಯ ಮಳೆಯಲ್ಲಿ ಅಂಗಳಕ್ಕಿಳಿಯಲಾಗದಿದ್ದರೆ ಚಾವಡಿಯಲ್ಲೇ ಸಾಕು. ಅವರ ಬಿ.ಎಂ.ಐ. 28 ದಾಟಿದ್ದುದರಿಂದ ಒಟ್ಟು ತೂಕದ ಏರಿಕೆ 7ರಿಂದ 11.5 ಕಿಲೋದೊಳಗಿರಲಿ ಎಂದು, 2009ರ ಅಮೆರಿಕದ ಶಿಫಾರಸನ್ನು ಅನುಸರಿಸಿ, ವೈದ್ಯರು ನಿಗದಿಪಡಿಸಿದ್ದರು. ಮಗನಿಗೆ ಬೇರೆ ಪಥ್ಯ ಬೇಡ, ಅವನೆದುರು ತೂಕದ ಮಾತೂ ಬೇಡ, ಮನೆಮಂದಿಯೆಲ್ಲ ಇದೇ ಊಟ ಉಣ್ಣಲಿ ಎಂದೆ. ಗಂಡ ಅದನ್ನು ತನ್ನ ಹೊಣೆಯೆಂದು ಒಪ್ಪಿಕೊಂಡರು.

22ನೆಯ ವಾರದಲ್ಲಿ ಊಟದ ನಂತರದ ಸಕ್ಕರೆ 120ರ ಗಡಿಯೊಳಗೆ ನಿಲ್ಲದಾಗ ವೈದ್ಯರು ಇನ್ಸುಲಿನ್ ಆರಂಭಿಸಿದರು. ಇಷ್ಟು ಪಥ್ಯ ಮಾಡಿಯೂ ಸೋತೆನೆಂದು ಶ್ರೀಮತಿ ಕ ಅತ್ತರು. ಬಸಿರು ಮುಂದುವರಿದಂತೆ ಮಾಸಿನಿಂದ ಬರುವ ಹಾರ್ಮೋನುಗಳೇ ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡಬರುತ್ತವೆ, ಅದನ್ನು ಛಲದಿಂದ ಗೆಲ್ಲಲಾಗದು ಎಂದು ತಿಳಿಸಿದೆ. ಚುಚ್ಚಿಕೊಳ್ಳುವ ಇನ್ಸುಲಿನ್ ಮಾಸನ್ನು ದಾಟಿ ಮಗುವನ್ನು ಮುಟ್ಟುವುದಿಲ್ಲ ಎಂಬ ಹಳೆಯ ಮಾತನ್ನೂ ನೆನಪಿಸಿದೆ. ಅವರಿಗೆ ಧೈರ್ಯ ಬಂದದ್ದು ಆ ಎರಡನೆಯ ಮಾತಿನಿಂದ.

38ನೆಯ ವಾರದಲ್ಲಿ 3.1 ಕಿಲೋ ತೂಕದ ಹೆಣ್ಣುಮಗು ಹುಟ್ಟಿತು, ಅಣ್ಣ 3.9 ಇದ್ದ. ತವರಿನ ಬಾಣಂತನದಲ್ಲಿ ತುಪ್ಪ, ಬೆಲ್ಲದ ಲೇಹಗಳನ್ನು ಮಿತಿಯಲ್ಲಿಡಲು ಅವರ ತಾಯಿಯೊಂದಿಗೂ ಫೋನಿನಲ್ಲಿ ಮಾತಾಡಿದೆ. ಆರು ತಿಂಗಳು ಎದೆಹಾಲನ್ನು ಮಾತ್ರ ಕೊಡಬೇಕೆಂದೂ, ಹೆರಿಗೆಯಾದ ಆರು ವಾರಕ್ಕೆ 75 ಗ್ರಾಂ ಗ್ಲೂಕೋಸಿನ ಪರೀಕ್ಷೆಯನ್ನು ಮತ್ತೆ ಮಾಡಿಸಲೇಬೇಕೆಂದೂ ಹೇಳಿದ್ದೇನೆ. ಮಗಳು ಅಣ್ಣನಂತಾಗುವುದಿಲ್ಲ ತಾನೆ ಎಂದು ಕೇಳಿದರು. ಹುಟ್ಟಿದ ತೂಕ ನೋಡಿ ಆರನೆಯ ವರ್ಷದ ಮಾತನ್ನು ಹೇಳಲಾಗದು ಎಂದೆ. ಪರೀಕ್ಷೆ ಬರುವ ಸೋಮವಾರ ಇದೆ. ಗಂಡ ರಜೆ ಹಾಕಿ ಜೊತೆಗೆ ಬರುತ್ತಾರಂತೆ.