ಓದುಗರ ಪ್ರಶ್ನೆ: ಮನೆಯೊಳಗಿನ ಗಿಡಕ್ಕೆ ಎಲ್‌ಇಡಿ ಬೆಳಕು

ಬಿಸಿಲು ಬಾರದ ಮನೆಗಳಲ್ಲಿ ಎಲ್‌ಇಡಿ ಬೆಳಕಿನಲ್ಲಿ ಸೊಪ್ಪು, ಸಸಿ ಬೆಳೆಸುವ ಬಗ್ಗೆ ಬಂದಿರುವ ಪ್ರಶ್ನೆಗಳಲ್ಲಿ ಕೆಲವಕ್ಕೆ ಈ ಸಂಚಿಕೆಯಲ್ಲಿ ಉತ್ತರ.

ಪ್ರಶ್ನೆ: ಯುಟಿಲಿಟಿಯಲ್ಲಿ 4 ಅಡಿ ಉದ್ದ, 1 ಅಡಿ ಅಗಲದ ಕಬ್ಬಿಣದ ರ‍್ಯಾಕ್ ಇದೆ. ಬಿಸಿಲು ಬೀಳುವುದಿಲ್ಲ. ಕೊತ್ತಂಬರಿ, ಮೆಂತ್ಯ ಬೆಳೆಯಲು ‘ಗ್ರೋ ಲೈಟ್’ ಕೊಳ್ಳಲೇಬೇಕೇ? ಮಾಮೂಲಿ ಟ್ಯೂಬ್‌ಲೈಟ್ ಆದರೆ ಎಷ್ಟು ಹಾಕಬೇಕು?
— ರಾಜಾಜಿನಗರ, ಬೆಂಗಳೂರು

ಮಾಮೂಲಿ ಎಲ್‌ಇಡಿ ಬ್ಯಾಟನ್ನೇ (ಪಟ್ಟಿಯಾಕಾರದ ಟ್ಯೂಬ್‌ಲೈಟ್) ಸಾಕು. 4 ಅಡಿಯ 20 ವಾಟ್ ಬ್ಯಾಟನ್ 200ರಿಂದ 300 ರೂಪಾಯಿಗೆ ಸಿಗುತ್ತದೆ. ಕೊಳ್ಳುವಾಗ ಡಬ್ಬಿಯ ಮೇಲೆ ಲ್ಯೂಮೆನ್ (ಕಣ್ಣಿಗೆ ಕಾಣುವ ಬೆಳಕಿನ ಅಳತೆ) ಎಷ್ಟಿದೆ ಓದಿ. ಅದೇ 20 ವಾಟ್‌ಗೆ ಒಂದು 1600 ಲ್ಯೂಮೆನ್ ಕೊಟ್ಟರೆ ಇನ್ನೊಂದು 2000 ಕೊಡುತ್ತದೆ. 2000ದ್ದನ್ನೇ ತನ್ನಿ.

ಎಷ್ಟು ಬೇಕು ಎನ್ನುವುದಕ್ಕೆ ಲೆಕ್ಕವಿದೆ. ಗಿಡದ ಬೆಳಕನ್ನು ಅಳೆಯುವುದು ಚದರ ಮೀಟರಿಗೆ ಸೆಕೆಂಡಿಗೆ ಎಷ್ಟು ಮೈಕ್ರೋಮೋಲ್ (ಬೆಳಕಿನ ಕಣಗಳನ್ನು ಎಣಿಸುವ ಅಳತೆ) ಬೆಳಕು ಬಿತ್ತು ಎಂದು. ಸೊಪ್ಪಿಗೆ 150ರಿಂದ 250 ಇರಬೇಕು. ಬಿಳಿ ಎಲ್‌ಇಡಿಯಲ್ಲಿ ಹೆಚ್ಚುಕಡಿಮೆ 70 ಲ್ಯೂಮೆನ್‌ಗೆ ಒಂದು ಮೈಕ್ರೋಮೋಲ್. ನಾಲ್ಕು ಬ್ಯಾಟನ್ ಎಂದರೆ 8000 ಲ್ಯೂಮೆನ್, ಅಂದರೆ ಸುಮಾರು 114 ಮೈಕ್ರೋಮೋಲ್. ಅದರಲ್ಲಿ ಕಾಲು ಭಾಗ ಪಕ್ಕಕ್ಕೆ ಚೆಲ್ಲಿ ಹೋಯಿತೆಂದುಕೊಳ್ಳಿ. ನಿಮ್ಮ ರ‍್ಯಾಕ್‌ನ ಒಂದು ತಟ್ಟೆಯ ಅಳತೆ 0.37 ಚದರ ಮೀಟರ್. ಭಾಗಿಸಿದರೆ 230 ಬರುತ್ತದೆ. ಎರಡೇ ಬ್ಯಾಟನ್ ಹಾಕಿದರೆ 115. ಅಷ್ಟರಲ್ಲಿ ಮೆಂತ್ಯ ಮೊಳೆತು ಎರಡೆಲೆ ಬಿಡುತ್ತದೆ, ಆಮೇಲೆ ಕಾಂಡ ನೂಲಿನಂತೆ ಎಳೆದುಕೊಂಡು ಒರಗುತ್ತದೆ. ಬಹಳ ಜನ ನೀರು ಜಾಸ್ತಿಯಾಯಿತು, ಗೊಬ್ಬರ ಸಾಲದು ಎಂದು ಹುಡುಕುವ ದೋಷ ಇದೇ. ನಾಲ್ಕು ಹಾಕಿ.

ಮೇಲಿನ ತಟ್ಟೆಯ ಅಡಿಗೆ 7 ಸೆಂ.ಮೀ. ಅಂತರದಲ್ಲಿ ಬ್ಯಾಟನ್‌ಗಳನ್ನು ಕ್ಲಿಪ್ಪಿನಲ್ಲಿ ಕೂರಿಸಿ. ಎಲೆಯ ತುದಿಗೂ ಬ್ಯಾಟನ್‌ಗೂ ನಡುವೆ 15ರಿಂದ 20 ಸೆಂ.ಮೀ. ಇರಲಿ, ಟ್ರೇ ಕೆಳಗೆ ಇಟ್ಟಿಗೆ ಇಟ್ಟು, ಗಿಡ ಎದ್ದಂತೆಲ್ಲ ತೆಗೆಯುತ್ತ ಬಂದರೆ ಸುಲಭ. ಹಿಂದೆ ಮತ್ತು ಎರಡು ಪಕ್ಕಕ್ಕೆ ಬಿಳಿ ಸನ್‌ಬೋರ್ಡ್ ನಿಲ್ಲಿಸಿದರೆ ಅಂಚಿನ ಗಿಡಗಳೂ ಮಧ್ಯದವುಗಳ ಸಮಕ್ಕೆ ಬರುತ್ತವೆ. ಥರ್ಮೊಕೋಲ್ ಬೇಡ, ಬೇಗ ಬೆಂಕಿ ಹಿಡಿಯುತ್ತದೆ.

ಅಳೆದು ನೋಡಲು ಲಕ್ಸ್ ಮೀಟರ್ (ಚದರ ಮೀಟರಿಗೆ ಎಷ್ಟು ಲ್ಯೂಮೆನ್ ಬಿತ್ತು ಎಂದು ತೋರಿಸುವ ಉಪಕರಣ) ಸಾಕು. ಎಲೆಯ ಮಟ್ಟದಲ್ಲಿ ಹಿಡಿದು, ಬಂದ ಅಂಕಿಯನ್ನು 70ರಿಂದ ಭಾಗಿಸಿ. 14,000 ಲಕ್ಸ್ ತೋರಿಸಿದರೆ 200 ಮೈಕ್ರೋಮೋಲ್. ಮೊಬೈಲ್ ಆ್ಯಪ್‌ನ ಅಂಕಿ ಅಷ್ಟು ನಂಬಿಕಸ್ತವಲ್ಲ, ಆದರೆ ಮಧ್ಯಕ್ಕೂ ಮೂಲೆಗೂ ಇರುವ ವ್ಯತ್ಯಾಸ ಅದರಲ್ಲೂ ಗೊತ್ತಾಗುತ್ತದೆ.

ಖರ್ಚು: 80 ವಾಟ್, ದಿನಕ್ಕೆ 14 ಗಂಟೆ ಎಂದರೆ ತಿಂಗಳಿಗೆ 34 ಯೂನಿಟ್. ಯೂನಿಟ್‌ಗೆ 6 ರೂಪಾಯಿಯಂತೆ ಹಿಡಿದರೆ 200 ರೂಪಾಯಿ. ಗೃಹಜ್ಯೋತಿ ಇರುವವರು ಮೊದಲು ಹಳೆಯ ಬಿಲ್ ತೆಗೆದು ನೋಡಿ. ಈಗಲೇ 170 ಯೂನಿಟ್ ಆಗುತ್ತಿದ್ದರೆ ಈ 34 ಸೇರಿ 200 ದಾಟುತ್ತದೆ, ಆ ತಿಂಗಳ ಬಿಲ್ ಪೂರ್ತಿ ನಿಮ್ಮ ತಲೆಗೇ ಬರುತ್ತದೆ.

ಪ್ರಶ್ನೆ: ಬೆಂಗಳೂರಿನ ಎಸ್.ಪಿ. ರೋಡಿನಿಂದ 3 ವಾಟ್‌ನ ಬಿಳಿ ಎಲ್‌ಇಡಿ ತಂದು, ಮೂರು ಮೂರನ್ನು ಸಾಲಾಗಿ ಜೋಡಿಸಿ 12 ವೋಲ್ಟ್ ಅಡಾಪ್ಟರ್‌ಗೆ ಕೊಟ್ಟೆ. ಮೊದಲು ಜೋರಾಗಿ ಉರಿದು, ಒಂದೊಂದೇ ಸಾಲು ಸತ್ತುಹೋಗುತ್ತಿದೆ. ಮಾಲೇ ಕಳಪೆಯೇ?
— ತುಮಕೂರು

ಮಾಲಿನ ದೋಷವಲ್ಲ, ಜೋಡಣೆಯ ದೋಷ. ಬಿಳಿ ಎಲ್‌ಇಡಿಗೆ ಸುಮಾರು 3.2 ವೋಲ್ಟ್ ಬೇಕು, ಮೂರಕ್ಕೆ 9.6. ನೀವು ಕೊಟ್ಟದ್ದು 12. ವೋಲ್ಟೇಜ್ ತುಸು ಏರಿದರೂ ಎಲ್‌ಇಡಿಯಲ್ಲಿ ಕರೆಂಟ್ ಹಲವು ಪಟ್ಟು ಏರುತ್ತದೆ. ಬಿಸಿಯಾದಷ್ಟೂ ಅದಕ್ಕೆ ಬೇಕಾದ ವೋಲ್ಟೇಜ್ ಇಳಿಯುವುದರಿಂದ ಕರೆಂಟ್ ಇನ್ನೂ ಜಾಸ್ತಿ ಹರಿಯುತ್ತದೆ, ಇನ್ನೂ ಬಿಸಿಯಾಗುತ್ತದೆ. ಕೊನೆಗೆ ಸುಡುತ್ತದೆ.

ಇದಕ್ಕೆ ಕಾನ್‌ಸ್ಟಂಟ್ ಕರೆಂಟ್ ಡ್ರೈವರ್ ಬೇಕು, ಅಂದರೆ ಕರೆಂಟನ್ನು ಒಂದೇ ಮಟ್ಟದಲ್ಲಿ ಹಿಡಿದಿಡುವ ಪೆಟ್ಟಿಗೆ. ಹತ್ತು ಎಲ್‌ಇಡಿಯನ್ನು ಒಂದೇ ಸಾಲಿನಲ್ಲಿ ಜೋಡಿಸಿ. ಒಟ್ಟು 32 ವೋಲ್ಟ್ ಆಗುತ್ತದೆ. 600 ಮಿಲಿಆಂಪಿನ, 32 ವೋಲ್ಟ್ ತನ್ನ ವ್ಯಾಪ್ತಿಯೊಳಗೆ ಬರುವ ಡ್ರೈವರ್ ತನ್ನಿ. ‘ಐಸೊಲೇಟೆಡ್’ ಎಂದಿರುವುದೇ ಬೇಕು. ಇಲ್ಲದಿದ್ದರೆ ಔಟ್‌ಪುಟ್ ತಂತಿಯಲ್ಲೂ ಮನೆಯ ಕರೆಂಟ್ ಹೊಡೆಯಬಹುದು. ಸೊಪ್ಪಿಗೆ ನೀರು ಚಿಮುಕಿಸುವ ಕೈಗೆ ಅದು ಪ್ರಾಣಾಂತಿಕ.

ಇನ್ನೊಂದು ಮಾತು: 600 ಮಿಲಿಆಂಪಿನಲ್ಲಿ ಈ ‘3 ವಾಟ್’ ಎಲ್‌ಇಡಿ ತೆಗೆದುಕೊಳ್ಳುವುದು 1.9 ವಾಟ್ ಮಾತ್ರ. ಹತ್ತಕ್ಕೆ 19 ವಾಟ್. ಬೆಳಕಿನ ಲೆಕ್ಕವನ್ನು ಇದರ ಮೇಲೆ ಹಾಕಿ, ಅಂಗಡಿಯವರು ಹೇಳುವ 30ರ ಮೇಲಲ್ಲ.

ಈ 19ರಲ್ಲಿ 12 ವಾಟ್‌ನಷ್ಟು ಶಾಖವಾಗುತ್ತದೆ. ಫ್ಯಾನ್ ಇಲ್ಲದೆ ತಣಿಯಬೇಕಾದರೆ ಪ್ರತಿ ವಾಟ್ ಶಾಖಕ್ಕೆ 110 ಚದರ ಸೆಂ.ಮೀ. ಅಲ್ಯೂಮಿನಿಯಂ ಮೇಲ್ಮೈ ಬೇಕು. 3 ಮಿ.ಮೀ. ದಪ್ಪ, 25 x 30 ಸೆಂ.ಮೀ. ಹಾಳೆಯ ಎರಡೂ ಮುಖ ಸೇರಿ 1500 ಆಗುತ್ತದೆ, ಸಾಕು. ಎಲ್‌ಇಡಿ ಕೂತಿರುವ ನಕ್ಷತ್ರಾಕಾರದ ಬೋರ್ಡಿನ ಹಿಂದೆ ಥರ್ಮಲ್ ಪೇಸ್ಟನ್ನು ತೆಳ್ಳಗೆ ಸವರಿ, ಎರಡು ಸ್ಕ್ರೂ ಬಿಗಿಯಿರಿ. ಪೇಸ್ಟ್ ದಪ್ಪಗಾದರೆ ಶಾಖ ದಾಟುವುದಿಲ್ಲ. ಬೆಸುಗೆ ಮುಗಿದ ಮೇಲೆ ಮಲ್ಟಿಮೀಟರನ್ನು ಬೀಪ್‌ಗೆ ಇಟ್ಟು, ಒಂದು ಮೊನೆ ಹಾಳೆಗೆ, ಇನ್ನೊಂದನ್ನು ಒಂದೊಂದು ಬೆಸುಗೆಗೂ ತಾಗಿಸಿ ನೋಡಿ. ಎಲ್ಲೂ ಸದ್ದು ಬರಬಾರದು. ಹಾಳೆಗೆ ರಿಂಗ್ ಲಗ್ (ಸ್ಕ್ರೂ ಹಾಕಲು ಉಂಗುರವಿರುವ ತಂತಿಯ ತುದಿ) ಹಾಕಿ ಮೂರು ಪಿನ್ ಪ್ಲಗ್‌ನ ಅರ್ತಿಂಗ್ ತಂತಿ ಕೊಡಿ.

ಡ್ರೈವರ್‌ಗೆ ಕರೆಂಟ್ ಕೊಟ್ಟ ಮೇಲೆ ಎಲ್‌ಇಡಿ ಜೋಡಿಸಲು ಹೋಗಬೇಡಿ. ಖಾಲಿ ನಿಂತ ಡ್ರೈವರ್‌ನ ವೋಲ್ಟೇಜ್ ಏರಿ ನಿಂತಿರುತ್ತದೆ, ತಾಗಿಸಿದ ಕ್ಷಣಕ್ಕೇ ಸಾಲು ಸಾಯಬಹುದು. ಎಲ್ಲ ಜೋಡಿಸಿ ಕೊನೆಗೆ ಪ್ಲಗ್ ಹಾಕಿ. ಅರ್ಧ ಗಂಟೆ ಉರಿಸಿ, ಪ್ಲಗ್ ಕಿತ್ತು, ಹಾಳೆ ಮುಟ್ಟಿ. ಐದು ಸೆಕೆಂಡ್ ಕೈ ಇಡಲಾಗದಷ್ಟು ಬಿಸಿಯಿದ್ದರೆ ಹಾಳೆ ದೊಡ್ಡದು ಮಾಡಿ.

ಪ್ರಶ್ನೆ: ನೇರಳೆ ಬಣ್ಣದ ಲೈಟೇ ಗಿಡಕ್ಕೆ ಒಳ್ಳೆಯದಂತೆ, ನಿಜವೇ?
— ಶಿವಮೊಗ್ಗ

ನೇರಳೆ ಲೈಟ್ ಎಂದರೆ ಕೆಂಪು, ನೀಲಿ ಬೆಳಕು ಸೇರಿದ್ದು. ಆ ಎರಡನ್ನೂ ಪತ್ರಹರಿತ್ತು (ಎಲೆಯ ಹಸಿರು ವಸ್ತು) ಹೆಚ್ಚು ಹೀರುತ್ತದೆ ಎನ್ನುವುದು ನಿಜ. ಆದರೆ ಇಡೀ ಎಲೆ ಹಸಿರು ಬೆಳಕನ್ನೂ ಚೆನ್ನಾಗಿಯೇ ಬಳಸಿಕೊಳ್ಳುತ್ತದೆ. ಸಂಶೋಧಕ ಕೀತ್ ಮೆಕ್ರೀ ಇದನ್ನು 1972ರಲ್ಲೇ ಹಲವು ಬೆಳೆಗಳ ಎಲೆಗಳ ಮೇಲೆ ಅಳೆದು ತೋರಿಸಿದ್ದಾರೆ. ನೇರಳೆ ಬೆಳಕಿನಲ್ಲಿ ಎಲೆ ಹಳದಿಯಾದದ್ದೂ ಹೇನು ಹತ್ತಿದ್ದೂ ಕಣ್ಣಿಗೆ ಬೀಳುವುದಿಲ್ಲ. ಕೆಲ್ವಿನ್ ಎಂದರೆ ಬೆಳಕಿನ ಬಣ್ಣದ ಅಳತೆ; 6500 ತಂಪು ಬಿಳಿ, 3000 ಹಳದಿ ಛಾಯೆಯ ಬಿಳಿ. ಸೊಪ್ಪಿಗೆ 6500 ಕೆಲ್ವಿನ್ ಬಿಳಿ, ಮೆಣಸಿನಕಾಯಿಗೆ ಅರ್ಧ 6500, ಅರ್ಧ 3000 ಹಾಕಿ.

ಪ್ರಶ್ನೆ: ಇಂಟರ್ನೆಟ್ಟಿನಲ್ಲಿ ಸಿಗುವ ಅಗ್ಗದ ಎಲ್‌ಇಡಿ ಲೈಟ್ ಜೋಡಣೆಯ ನಕ್ಷೆಗಳೆಲ್ಲ ಗಾಂಜಾ ಗಿಡಕ್ಕೆ ಮಾಡಿದವು. ಅವನ್ನು ನಮ್ಮ ಸೊಪ್ಪು, ಮೆಣಸಿನಕಾಯಿಗೆ ಹಾಗೇ ಬಳಸಬಹುದೇ?
— ಮೈಸೂರು

ಹಾಗೇ ಬಳಸಬೇಡಿ. ಆ ನಕ್ಷೆಗಳು ಕೆನಡಾದಂಥ ಕಡೆಯವು. ಅಲ್ಲಿ 2018ರ ಅಕ್ಟೋಬರ್ 17ರಿಂದ ಕೇಂದ್ರ ಕಾನೂನು ಮನೆಗೆ ನಾಲ್ಕು ಗಿಡಕ್ಕೆ ಅನುಮತಿ ಕೊಟ್ಟಿದೆ. ನಮ್ಮಲ್ಲಿ 1985ರ ಎನ್‌ಡಿಪಿಎಸ್ (ಮಾದಕ ವಸ್ತು ತಡೆ) ಕಾಯ್ದೆಯ 20ನೇ ಸೆಕ್ಷನ್ ಪ್ರಕಾರ ಗಾಂಜಾ ಗಿಡ ಬೆಳೆಸುವುದು ಅಪರಾಧ. 10 ವರ್ಷದವರೆಗೆ ಕಠಿಣ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ. ಕುಂಡದಲ್ಲಿ ಒಂದೇ ಗಿಡ ಎಂದರೂ ವಿನಾಯಿತಿ ಇಲ್ಲ.

ಬೆಳಕಿನ ಲೆಕ್ಕವೂ ಬೇರೆ. ಆ ನಕ್ಷೆಗಳು ಗಾಂಜಾ ಗಿಡ ಹೂ ಬಿಡುವ ಹೊತ್ತಿಗೆ 600ರಿಂದ 900 ಮೈಕ್ರೋಮೋಲ್ ಇಟ್ಟುಕೊಂಡು ಮಾಡಿದವು. ಅಷ್ಟನ್ನು ಕೊತ್ತಂಬರಿಗೆ ಕೊಟ್ಟರೆ ಎಲೆಯ ಅಂಚು ಮೇಲಕ್ಕೆ ಮಡಚಿ, ಬಣ್ಣ ಬಿಳಿಚುತ್ತದೆ, ಕರೆಂಟೂ ದಂಡ. ಮೆಣಸಿನ ಸಸಿಗೆ 200ರಿಂದ 300, ಕಾಯಿ ಬಿಡುವ ಗಿಡಕ್ಕೆ 400 ಸಾಕು. ಆ ನಕ್ಷೆಗಳಿಂದ ಕಲಿಯಬೇಕಾದದ್ದು ಡ್ರೈವರ್‌ಗೂ ಎಲ್‌ಇಡಿಗೂ ವೋಲ್ಟೇಜ್ ಹೊಂದಿಸುವ ಕ್ರಮವನ್ನು.

ಅವುಗಳಲ್ಲೇ ಕಾಣುವ 220 ವೋಲ್ಟ್ ಡ್ರೈವರ್‌ಲೆಸ್ ಚಿಪ್ ಮಾತ್ರ ಖಂಡಿತ ಬೇಡ. 50 ವಾಟ್‌ನದು ನೂರಿನ್ನೂರು ರೂಪಾಯಿಗೆ ಬರುತ್ತದೆ ನಿಜ, ಆದರೆ ಮನೆಯ ಕರೆಂಟ್ ನೇರವಾಗಿ ಚಿಪ್ಪಿನ ಮುಖದವರೆಗೂ ಬಂದಿರುತ್ತದೆ. ಒದ್ದೆ ಕೈ ತಾಗಿದರೆ ಮುಗಿಯಿತು.

ಪ್ರಶ್ನೆ: ಬೆಳೆ ಬೇಗ ಬರಲೆಂದು ಲೈಟನ್ನು ಹಗಲೂ ರಾತ್ರಿ ಉರಿಸುತ್ತಿದ್ದೇವೆ. ಕೊತ್ತಂಬರಿ ಬೇಗ ಹೂವಿಗೆ ಬರುತ್ತಿದೆ, ಟೊಮೆಟೊ ಎಲೆ ಹಳದಿಯಾಗುತ್ತಿದೆ.
— ಧಾರವಾಡ

ಎರಡಕ್ಕೂ ಕಾರಣ ಅದೇ ಬೆಳಕು. ದಿನ ಉದ್ದವಾದರೆ ಕೊತ್ತಂಬರಿ ಸೊಪ್ಪು ಬಿಟ್ಟು ಹೂವಿಗೆ ತಿರುಗುತ್ತದೆ, ಸೆಖೆ ಸೇರಿದರೆ ಇನ್ನೂ ಬೇಗ. ಅದಕ್ಕೆ 12ರಿಂದ 14 ಗಂಟೆ ಸಾಕು. ಟೊಮೆಟೊ ಎಲೆಗೆ ಕತ್ತಲೆ ಬೇಕೇ ಬೇಕು; ಬಿಡುವಿಲ್ಲದ ಬೆಳಕಿನಲ್ಲಿ ಎಲೆ ಹಳದಿ ಮಚ್ಚೆಯಾಗುತ್ತದೆ. 16 ಗಂಟೆ ಕೊಡಿ.

24 ಗಂಟೆಯ ಟೈಮರ್ ಹಾಕಿ. ಎಲ್‌ಇಡಿ ಡ್ರೈವರ್ ಹೊತ್ತಿಕೊಳ್ಳುವ ಕ್ಷಣದಲ್ಲಿ ಎಳೆಯುವ ಕರೆಂಟಿಗೆ ಸಣ್ಣ ಟೈಮರ್‌ಗಳ ಒಳಗಿನ ಸಂಪರ್ಕ ಬೆಸೆದುಕೊಂಡು, ಲೈಟ್ ಆರದೇ ಉಳಿಯುವುದುಂಟು. 16 ಆಂಪಿಯರ್‌ನದೇ ತೆಗೆದುಕೊಳ್ಳಿ. ಲೈನಿಗೆ 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಕ್ಷಣ ಲೈನ್ ಕಡಿಯುವ ಸ್ವಿಚ್) ಇರಲಿ, ಕಬ್ಬಿಣದ ರ‍್ಯಾಕ್‌ಗೂ ಅರ್ತಿಂಗ್ ಕೊಡಿಸಿ. ಪ್ಲಗ್ ಬೋರ್ಡನ್ನು ಟ್ರೇಗಿಂತ ಎತ್ತರದಲ್ಲಿ ಗೋಡೆಗೆ ಹಾಕಿ, ವೈರ್ ಬೋರ್ಡಿಗಿಂತ ಕೆಳಗಿಳಿದು ಮೇಲೇರುವಂತೆ ಬಿಡಿ. ವೈರಿನ ಮೇಲೆ ಹರಿದ ನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ, ಪ್ಲಗ್‌ವರೆಗೆ ಹೋಗುವುದಿಲ್ಲ.