ಅಮೆರಿಕದ ಶಾಲೆಯವರು ಮಗನಿಗೆ ಸ್ಪೆಷಲ್ ಎಜುಕೇಶನ್ ಪರೀಕ್ಷೆ ಮಾಡಲು ಸಹಿ ಕೇಳುತ್ತಿದ್ದಾರೆ, ಹಾಕಲೇಬೇಕಾ?

ಗಾಬರಿ ಬೇಡ, ಅವಸರವೂ ಬೇಡ. ಮೊದಲು ಆ ಕಾಗದ ಯಾವುದಕ್ಕೆ ಒಪ್ಪಿಗೆ ಕೇಳುತ್ತಿದೆ ನೋಡಿ. ಪರೀಕ್ಷೆ ಅಂದರೆ ಮಗುವಿಗೆ ಸ್ಪೆಷಲ್ ಎಜುಕೇಶನ್, ಅಂದರೆ ಕಲಿಕೆಗೆ ವಿಶೇಷ ನೆರವು ಬೇಕಾ ಅಂತ ನೋಡುವುದು. ಅದಕ್ಕೆ ಸಹಿ ಹಾಕಿದರೆ ಸ್ಪೆಷಲ್ ಎಜುಕೇಶನ್‌ಗೂ ಒಪ್ಪಿದ ಹಾಗಲ್ಲ. ಆ ನೆರವಿಗೆ ಬೇರೆಯೇ ಒಪ್ಪಿಗೆ ಬೇಕು. ನೀವು ಕೊಡದಿದ್ದರೆ ಶಾಲೆ ಅದನ್ನು ಶುರು ಮಾಡುವಂತಿಲ್ಲ.

ಆ ಕಾಗದದ ಜೊತೆ 'ಪ್ರೊಸೀಜರಲ್ ಸೇಫ್‌ಗಾರ್ಡ್ಸ್' ಅಂತ ಹತ್ತಾರು ಪುಟದ ಒಂದು ಕಟ್ಟು ಬಂದಿರಬೇಕಲ್ವಾ? ಎಷ್ಟೋ ಮನೆಗಳಲ್ಲಿ ಅದು ಫ್ರಿಜ್ ಮೇಲೆ ಸುಮ್ನೆ ಬಿದ್ದಿರುತ್ತದೆ. ದಯವಿಟ್ಟು ಓದಿ, ನಿಮ್ಮ ಹಕ್ಕೆಲ್ಲ ಅದರಲ್ಲೇ ಇದೆ. ಇಂಗ್ಲಿಷ್ ಕಷ್ಟವಾದರೆ ಕನ್ನಡದಲ್ಲಿ ಕೇಳಿ. ತೀರಾ ಸಾಧ್ಯವಿಲ್ಲದಿದ್ದರೆ ಹೊರತು, ಪೋಷಕರ ಭಾಷೆಯಲ್ಲೇ ಕೊಡಬೇಕು ಅಂತ ಐಡಿಇಎ (ಸ್ಪೆಷಲ್ ಎಜುಕೇಶನ್ ಬಗ್ಗೆ ಅಮೆರಿಕದ ಕೇಂದ್ರ ಸರ್ಕಾರದ ಕಾನೂನು) ಹೇಳುತ್ತದೆ. ಐಇಪಿ (ಮಗುವಿಗೆಂದೇ ಮಾಡುವ ಕಲಿಕೆಯ ಯೋಜನೆ) ಮೀಟಿಂಗ್‌ಗೆ ದುಭಾಷಿ ಬೇಕಿದ್ದರೆ ಆ ಖರ್ಚೂ ಶಾಲೆಯದ್ದೇ. ನಾಚಿಕೆ ಪಡಬೇಡಿ, ಮೊದಲೇ ಇಮೇಲ್‌ನಲ್ಲಿ ಕೇಳಿಬಿಡಿ.

ನೀವು ಸಹಿ ಹಾಕಿದ 60 ದಿನದೊಳಗೆ ಪರೀಕ್ಷೆ ಮುಗಿಯಬೇಕು. ಕೆಲವು ರಾಜ್ಯಗಳಲ್ಲಿ ಗಡುವು ಬೇರೆ ಇದೆ. ಫಲಿತಾಂಶ ಸರಿಯಿಲ್ಲ ಅನಿಸಿದರೆ, ಶಾಲೆಯ ಖರ್ಚಿನಲ್ಲೇ ಹೊರಗಿನ ತಜ್ಞರಿಂದ ಪರೀಕ್ಷೆ ಮಾಡಿಸಿ ಅಂತ ಕೇಳಬಹುದು. ಆಗ ಶಾಲೆ ದುಡ್ಡು ಕೊಡಬೇಕು, ಇಲ್ಲವೇ ತಮ್ಮ ಪರೀಕ್ಷೆ ಸರಿಯಿದೆ ಅಂತ ವಿಚಾರಣೆಯಲ್ಲಿ ತೋರಿಸಬೇಕು.

ನೀವು ಕೇಳಿದ್ದನ್ನು ಶಾಲೆ 'ಆಗಲ್ಲ' ಅಂದರೆ, ಕಾರಣ ಬರಹದಲ್ಲಿ ಕೊಡಿ ಅನ್ನಿ. ಇದಕ್ಕೆ 'ಪ್ರಯರ್ ರಿಟನ್ ನೋಟಿಸ್' ಅನ್ನುತ್ತಾರೆ. ಮೀಟಿಂಗ್‌ನಲ್ಲಿ ಈ ಮೂರು ಪದ ಹೇಳಿ, ಮಾತಿನ ದಾರಿಯೇ ಬದಲಾಗುತ್ತದೆ.